ಏಳು ಬಗೆಯ ಬೇಡ

ಆಸ್ಪತ್ರೆಯಿಂದ ಫೋನ್ ಬಂದಾಗ ಕಿವಿಯಣ್ಣ ಒಂದು ಮುದಿ ಹೊಲಿಗೆ ಯಂತ್ರವನ್ನು ಮಗ್ಗುಲಾಗಿ ಮಲಗಿಸಿ, ಅದರ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದ. ಎರಡೂ ಕೈಗೆ ಎಣ್ಣೆ. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು "ಹೇಳಿ" ಅಂದ.

"ಹೊಲಿಗೆ ಮಷೀನ್ ರಿಪೇರಿಯವರಾ? ನಾನು ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ," ಅಂದಳು ಆ ಕಡೆಯ ನರ್ಸ್. "ನಿಮಗೆ ಸೇರಿದ ಕೇಸೊಂದು ಇಲ್ಲಿಗೆ ಬಂದು ಹನ್ನೆರಡು ದಿನ ಆಯ್ತು. ಯಾರೂ ತಿರುಗಿ ನೋಡಿಲ್ಲ. ಜೊತೆಗಿದ್ದ ಚೀಲದಲ್ಲಿ ನಿಮ್ಮ ಅಂಗಡಿ ಚೀಟಿ ಸಿಕ್ತು."

ಆಸ್ಪತ್ರೆಯಲ್ಲೂ ಹೊಲಿಗೆ ಯಂತ್ರಗಳಿರುತ್ತವೆ, ಹಾಸಿಗೆಯ ಬಟ್ಟೆಗಳಿಗೆ ಅಂಚು ಹೊಲಿಯಲಿಕ್ಕೆ. ಅಂಥದ್ದೇ ಯಾವುದೋ ಇರಬೇಕು ಅಂದುಕೊಂಡ. "ಏನಾಗಿದೆ? ಪೂರ್ತಿ ನಿಂತಿದೆಯಾ?"

"ಒಂದು ಕಡೆ ಪೂರ್ತಿ ನಿಂತಿದೆ."

"ಕೈಯದಾ, ಕಾಲಿನದಾ?" ಅವನು ಕೇಳಿದ್ದು ಕೈಯಲ್ಲಿ ತಿರುಗಿಸುವ ಯಂತ್ರವೋ, ಕಾಲಲ್ಲಿ ತುಳಿಯುವುದೋ ಅಂತ.

"ಎರಡೂ," ಅಂದಳು ನರ್ಸ್. "ಬಲಗೈ, ಬಲಗಾಲು. ಮಾತೂ ಹೋಗಿದೆ."

ಕಿವಿಯಣ್ಣ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಮಾತು ಹೋಗುವ ಯಂತ್ರ ಯಾವುದೂ ಅವನ ಲೆಕ್ಕದಲ್ಲಿ ಇರಲಿಲ್ಲ. ಅವನ ಅಂಗಡಿಯ ಚೀಟಿಯನ್ನು ಆರು ವರ್ಷ ಚೀಲದಲ್ಲಿ ಇಟ್ಟುಕೊಂಡಿರಬಹುದಾದವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಳು.

ಕಿವಿಯಣ್ಣ ಅವನ ಹೆಸರಲ್ಲ, ದರ್ಜಿಗಳು ಇಟ್ಟ ಅಡ್ಡಹೆಸರು. ಬೇರೆ ರಿಪೇರಿಯವರು ಮೊದಲು ಯಂತ್ರ ಬಿಚ್ಚುತ್ತಾರೆ. ಇವನು ಮೊದಲು ಅದನ್ನು ಓಡಿಸಿ, ಮಂಡಿಯೂರಿ, ಅದರ ಪಕ್ಕೆಗೆ ಎಡಗಿವಿ ಹಚ್ಚುತ್ತಿದ್ದ. ಸೂಜಿ ತಟ್ಟೆಗೆ ತಾಗುತ್ತಿದೆಯೋ, ಪಟ್ಟಿ ಜಾರುತ್ತಿದೆಯೋ, ಒಳಗೆಲ್ಲೋ ದಾರದ ಚೂರು ಸಿಕ್ಕಿಕೊಂಡು ಉಸಿರು ಕಟ್ಟುತ್ತಿದೆಯೋ, ಎಲ್ಲಾ ಹೇಳಿಬಿಡುತ್ತಿದ್ದ. "ಇನ್ನಾರು ತಿಂಗಳಿಗೆ ಇದರ ಗೇರ್ ಹೋಗುತ್ತೆ ನೋಡು" ಅಂದರೆ ಆರನೆಯ ತಿಂಗಳಿಗೆ ಹೋಗುತ್ತಿತ್ತು. ಎಡಗಿವಿಯ ತುದಿಯಲ್ಲಿ ಸದಾ ಎಣ್ಣೆಯ ಕಪ್ಪು. ಭಾನುವಾರ ಚರ್ಚಿನ ಸಭೆಗೆ ಬರುವಾಗ ಎಷ್ಟು ಸೋಪು ಹಚ್ಚಿ ಉಜ್ಜಿದರೂ ಅದೊಂದು ಚೂರು ಉಳಿಯುತ್ತಿತ್ತು.

ಇಂಥ ಕಿವಿ ಇದ್ದವನು ಎಂಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಹೆಂಡತಿ ಪಾತ್ರೆ ತೊಳೆಯುತ್ತಾ ಗುನುಗಿದರೆ ಖುಷಿಯಾಗಿದ್ದಾಳೆ ಅಂದುಕೊಂಡ. ಗುನುಗದಿದ್ದರೆ ದಣಿದಿದ್ದಾಳೆ ಅಂದುಕೊಂಡ. ಅಂಗಡಿಗೆ ದಾರ ಹಾಕುತ್ತಿದ್ದವನೊಬ್ಬ ವಾರಕ್ಕೊಮ್ಮೆ ಮನೆಗೂ ಬಂದು ಕೂತು ನಗಿಸಿ ಹೋಗುತ್ತಿದ್ದ. ಒಳ್ಳೆಯ ಮನುಷ್ಯ ಅಂತ ಇವನೇ ನಾಲ್ಕು ಜನರ ಹತ್ತಿರ ಹೊಗಳಿದ್ದ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಬಂದರೆ ಊಟ ಮುಚ್ಚಿಟ್ಟಿತ್ತು, ಹೆಂಡತಿ ಇರಲಿಲ್ಲ, ಅವಳ ಬಟ್ಟೆಗಳೂ ಇರಲಿಲ್ಲ. ದಾರದವನು ಆಮೇಲೆ ಈ ಬೀದಿಗೆ ತಲೆ ಹಾಕಲಿಲ್ಲ.

ಆ ಭಾನುವಾರವೂ ಕಿವಿಯಣ್ಣ ಸಭೆಗೆ ಹೋದ, ಎಂದಿನಂತೆ ಕೊನೆಯ ಬೆಂಚಿನಲ್ಲಿ ಕೂತ. ಆ ಸಭೆಯಲ್ಲಿ ತಿಂಗಳಿಗೊಮ್ಮೆ ಸಾಕ್ಷಿ ಹೇಳುವ ರೂಢಿ ಇತ್ತು. ಯಾರು ಬೇಕಾದರೂ ಎದ್ದು ನಿಂತು, ದೇವರು ತನ್ನ ಬಾಳಿನಲ್ಲಿ ಏನು ಮಾಡಿದ ಅಂತ ನಾಲ್ಕು ಮಾತು ಹೇಳಬಹುದು. ಕಿವಿಯಣ್ಣ ಒಮ್ಮೆಯೂ ಎದ್ದವನಲ್ಲ. ಅವನ ಬಾಯಿಗೆ ಬೀಗ ಹಾಕಿದೆ ಅಂತ ಹುಡುಗಿಯರು ನಗುತ್ತಿದ್ದರು. ಸಭೆಯ ಹಿರಿಯರೊಬ್ಬರಿದ್ದರು, ಅವರ ಪ್ರಾರ್ಥನೆ ಮುಗಿಯುವುದರೊಳಗೆ ಮಕ್ಕಳು ಒಂದು ನಿದ್ದೆ ತೆಗೆದು ಏಳುತ್ತಿದ್ದುದರಿಂದ ಅವರಿಗೆ ಉದ್ದ ಪ್ರಾರ್ಥನೆಯವರು ಅಂತಲೇ ಹೆಸರು. ಅವರು ನಗಲಿಲ್ಲ. "ಸಾಕ್ಷಿ ಇಲ್ಲದ ವಿಶ್ವಾಸ ಎಂಥ ವಿಶ್ವಾಸ?" ಅಂತ ಇವನಿಗೆ ಕೇಳಿಸುವ ಹಾಗೇ ಹೇಳಿದರು. ಆ ಮನುಷ್ಯನಿಗೆ ತನ್ನ ದನಿಯ ಮೇಲೆ ಬಹಳ ಪ್ರೀತಿ, ಅಷ್ಟೇ ಹೇಳಬಹುದು.

ಫೋನ್ ಬಂದ ದಿನ ಕಿವಿಯಣ್ಣ ಕೈಯ ಎಣ್ಣೆಯನ್ನು ಪ್ಯಾಂಟಿಗೇ ಒರೆಸಿಕೊಂಡು ಆಸ್ಪತ್ರೆಗೆ ಓಡಿದ. ವಾರ್ಡಿನ ಕೊನೆಯ ಮಂಚದಲ್ಲಿ ಅವಳಿದ್ದಳು. ಲಕ್ವ ಹೊಡೆದು ಬಾಯಿ ಒಂದು ಕಡೆ ವಾಲಿತ್ತು, ಕೂದಲನ್ನು ಯಾರೋ ಗಿಡ್ಡ ಕತ್ತರಿಸಿದ್ದರು. ದಾರದವನು ಅವಳನ್ನು ತಂದು ಸೇರಿಸಿ, ಬಾಗಿಲಲ್ಲಿ ಸುಳ್ಳು ವಿಳಾಸ ಬರೆಸಿ, ಕಾಲಿಗೆ ಬುದ್ಧಿ ಹೇಳಿದ್ದ. ಇವನನ್ನು ನೋಡಿದವಳೇ ಅವಳು ಕಣ್ಣು ಮುಚ್ಚಿಕೊಂಡಳು. ಆರು ವರ್ಷದಿಂದ ಇವನು ಕೇಳಬೇಕು ಅಂತ ಇಟ್ಟುಕೊಂಡಿದ್ದ ಪ್ರಶ್ನೆಯೊಂದು ಇತ್ತು, ಅದನ್ನು ಅಲ್ಲೇ ನುಂಗಿದ.

"ಮನೆಗೆ ಹೋಗೋಣ," ಅಂದ.

"ಬೇಡ," ಅಂದಳು ಅವಳು.

ಅವನು ಹಿಂದಕ್ಕೆ ಸರಿದದ್ದು ನೋಡಿ ನರ್ಸ್ ಹೇಳಿದಳು, "ಅದೊಂದೇ ಮಾತು ಉಳಿದಿರೋದು ಅವರಿಗೆ. ಊಟ ಬೇಕಾದ್ರೂ ಬೇಡ, ನೀರು ಬೇಕಾದ್ರೂ ಬೇಡ. ಒಳಗೆ ಬೇರೇನೋ ಇರುತ್ತೆ, ಬಾಯಿಗೆ ಬರೋದು ಇಷ್ಟೇ. ನೀವೇ ಅರ್ಥ ಮಾಡ್ಕೋಬೇಕು."

ಹಾಗೆ ಅವಳು ಮನೆಗೆ ಬಂದಳು. ತಲೆ ಆಡಿಸಿ ಹೌದು ಇಲ್ಲ ಹೇಳುವುದಕ್ಕೂ ಅವಳಿಗೆ ಆಗುತ್ತಿರಲಿಲ್ಲ. ಹೌದು ಅನ್ನಬೇಕಾದಲ್ಲಿ ತಲೆ ಅಡ್ಡ ಆಡಿ, ತಪ್ಪಾಯಿತೆಂದು ಅವಳಿಗೇ ಗೊತ್ತಾಗಿ, ಅಳು ಬರುತ್ತಿತ್ತು. ಮೊದಲ ತಿಂಗಳು ಅವನು ತಲೆ ಮೇಲೆ ಕೈ ಹೊತ್ತು ಕೂತದ್ದೇ ಹೆಚ್ಚು. ಅವಳು ಬೇಡ ಅಂದರೆ ನೀರು ತಂದ. ಮತ್ತೆ ಬೇಡ ಅಂದರೆ ಗಂಜಿ ತಂದ. ಮತ್ತೆ ಬೇಡ ಅಂದರೆ ಹೊದಿಕೆ ತೆಗೆದ, ಹೊದಿಸಿದ, ಕಿಟಕಿ ತೆರೆದ, ಮುಚ್ಚಿದ. ಕೊನೆಗೆ ನೋಡಿದರೆ ಕಾಲ ಕೆಳಗೆ ಹೊದಿಕೆಯ ಗಂಟು ಒತ್ತುತ್ತಿತ್ತು.

ಆಮೇಲೆ ಅವನಿಗೆ ತನ್ನ ಕಸುಬು ನೆನಪಾಯಿತು. ಮಾತು ಒಂದೇ ಆದರೇನು, ಯಂತ್ರವೂ ಟಕಟಕ ಒಂದೇ ತಾನೇ ಅನ್ನುವುದು? ಅವನು ಮಂಚದ ಪಕ್ಕ ಮಂಡಿಯೂರಿ ಕಿವಿಗೊಡತೊಡಗಿದ. ಗಂಟಲಿನಿಂದ ಕಡಿದು ಬರುವ ಬೇಡ ನೋವಿನದು. ಎರಡು ಸಲ ಬೆನ್ನಿಗೆ ಬೆನ್ನು ಬಂದರೆ ನೀರು. ಕೊನೆಯಲ್ಲಿ "ಡಾ" ಅಂತ ಎಳೆದರೆ ಬೇಕು ಅಂತ. ಮೂಗಿನಲ್ಲಿ ಬಂದರೆ ಕಿಟಕಿ. ತಗ್ಗಿ ಬಂದರೆ ಬಟ್ಟೆ ಒದ್ದೆಯಾಗಿದೆ, ಹೇಳಲು ನಾಚಿಕೆ. ಚುರುಕಾಗಿ ಬಂದರೆ ನೀನು ಮಾಡುತ್ತಿರುವುದು ತಪ್ಪು, ದಡ್ಡ. ಮತ್ತೆ, ಒಣಗಿದ ಒಂದು ಬೇಡ ಇತ್ತು, ಅದು ನಿಜವಾಗಿಯೂ ಬೇಡ. ಒಟ್ಟು ಏಳು. ಏಳನ್ನು ಗುರುತಿಸಲು ಅವನಿಗೆ ಐದು ತಿಂಗಳು ಹಿಡಿಯಿತು.

ಹಗಲು ಅವನು ಅಂಗಡಿಗೆ ಹೋದಾಗ ಪಕ್ಕದ ಮನೆಯ ಕಾಜಾ ಅಕ್ಕ ಬಂದು ಕೂರುತ್ತಿದ್ದಳು. ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ಕಣ್ಣು ಹೊಲಿಯುವುದು ಅವಳ ಕೆಲಸ. ಬಟ್ಟೆ ಕಾರ್ಖಾನೆಯ ಗದ್ದಲದಲ್ಲಿ ಇಪ್ಪತ್ತು ವರ್ಷ ದುಡಿದು ಅವಳ ಕಿವಿ ಮಂದವಾಗಿತ್ತು. ಕಿವಿಯಣ್ಣ ಏಳು ಬೇಡಗಳನ್ನೂ ಒಂದೊಂದಾಗಿ ನಟಿಸಿ ತೋರಿಸಿದ. ಅವಳು ಬಿದ್ದು ಬಿದ್ದು ನಕ್ಕಳು. "ನನಗೆ ಎಲ್ಲಾ ಬೇಡವೂ ಒಂದೇ ಕಣಪ್ಪಾ. ನಾನು ಎಲ್ಲಾನೂ ಒಂದ್ಸಲ ಮಾಡ್ಬಿಡ್ತೀನಿ, ಯಾವುದೋ ಒಂದು ಸರಿಹೋಗುತ್ತೆ." ಸಂಜೆ ಅವನು ಬಂದ ಕೂಡಲೇ ಅವಳು ಬಟ್ಟೆಯ ಗಂಟು ಎತ್ತಿಕೊಂಡು ಹೊರಡುತ್ತಿದ್ದಳು. "ಇವತ್ತು ಏನಂದಳು?" ಅಂತ ಅವನು ದಿನಾ ಕೇಳುತ್ತಿದ್ದ. "ಏನಂತಾಳೆ? ಬೇಡ ಅಂದಳು," ಅಂತ ಅವಳು ದಿನಾ ಹೇಳುತ್ತಿದ್ದಳು.

ಒಂದು ದಿನ ಪಾದ್ರಿಗಳು ಪ್ರಭುಭೋಜನದ ರೊಟ್ಟಿ, ಯೇಸುವಿನ ಕೊನೆಯ ಊಟದ ನೆನಪಿಗೆ ವಿಶ್ವಾಸಿಗಳಿಗೆ ಕೊಡುವುದು, ತಂದರು, ಜೊತೆಗೆ ಉದ್ದ ಪ್ರಾರ್ಥನೆಯವರೂ ಬಂದರು. ಪಾದ್ರಿಗಳು ರೊಟ್ಟಿ ಮುಂದೆ ಹಿಡಿದು, "ತಗೋತೀಯೇನಮ್ಮಾ?" ಅಂತ ಕೇಳಿದರು.

"ಬೇಡಾ," ಅಂದಳು.

"ನೋಡಿ," ಅಂದರು ಹಿರಿಯರು. "ತಾನೇ ಬೇಡ ಅಂತಿದ್ದಾಳೆ. ಒತ್ತಾಯ ಮಾಡೋ ವಸ್ತು ಅಲ್ಲ ಇದು."

"ಅದು ಬೇಡ ಅಲ್ಲ," ಅಂದ ಕಿವಿಯಣ್ಣ. "ಬೇಕು ಅಂತ. ಕೊನೆಯಲ್ಲಿ ಎಳೆದಳು, ಕೇಳಿಸಲಿಲ್ವಾ?"

"ನಿನಗೆ ಬೇಕಾದ ಹಾಗೆ ಅರ್ಥ ಮಾಡ್ತಾ ಹೋದ್ರೆ ಎಲ್ಲಾ ಬೇಡವೂ ಬೇಕೇ ಆಗುತ್ತಪ್ಪಾ."

ಪಾದ್ರಿಗಳು ಇಬ್ಬರ ಮುಖವನ್ನೂ ನೋಡಿ, ರೊಟ್ಟಿಯ ಚೂರನ್ನು ಅವಳ ನಾಲಿಗೆಯ ಮೇಲಿಟ್ಟರು. ಅವಳು ನಿಧಾನವಾಗಿ ಜಗಿದಳು. ಕಣ್ಣಲ್ಲಿ ನೀರಿತ್ತು. ಆದರೆ ಆ ಕಾಯಿಲೆಯಲ್ಲಿ ಕಣ್ಣೀರು ಸುಮ್ಮನೆಯೂ ಬರುತ್ತದೆ. ಹಿರಿಯರ ಆ ಮಾತು ಮಾತ್ರ ಕಿವಿಯಣ್ಣನ ಒಳಗೆ ಮುರಿದ ಸೂಜಿಯ ತುದಿಯ ಹಾಗೆ ಉಳಿದುಬಿಟ್ಟಿತು.

ಅದರ ಮುಂದಿನ ಭಾನುವಾರ ಉದ್ದ ಪ್ರಾರ್ಥನೆಯವರು ಎಲ್ಲರೆದುರಿಗೆ ಅವನನ್ನು ಎಬ್ಬಿಸಿದರು. ಬಿಟ್ಟುಹೋದ ಹೆಂಡತಿಯನ್ನು ಕ್ಷಮಿಸಿ ಮನೆಗೆ ಕರೆತಂದವನು, ಇವನಿಗಿಂತ ಒಳ್ಳೆಯ ಸಾಕ್ಷಿ ಯಾರದು, ಎದ್ದು ಹೇಳಲಿ ಅಂದರು. ಸಭೆಯೆಲ್ಲಾ ಹಿಂದಕ್ಕೆ ತಿರುಗಿತು. ಕಿವಿಯಣ್ಣ ಎದ್ದು ನಿಂತು, ಮುಂದಿನ ಬೆಂಚನ್ನು ಹಿಡಿದುಕೊಂಡು ಹೇಳಿದ, "ಅವಳ ಬಲಗೈ ಹೆಬ್ಬೆರಳು ಸ್ವಲ್ಪ ಆಡ್ತಾ ಇದೆ." ಕೂತುಬಿಟ್ಟ. ಕೆಲವರು ನಕ್ಕರು. ಪಾದ್ರಿಗಳು ಮುಂದಿನ ಹಾಡಿನ ಸಂಖ್ಯೆಯನ್ನು ತಪ್ಪು ಹೇಳಿ, ತಿದ್ದಿ ಮತ್ತೆ ಹೇಳಬೇಕಾಯಿತು.

ಕ್ಷಮಿಸಿದೆ ಅಂತ ಅವನು ಹೇಗೆ ಹೇಳುತ್ತಾನೆ? ಅವಳು ಕ್ಷಮೆ ಕೇಳಿರಲಿಲ್ಲ, ಕೇಳಲು ಅವಳಿಗೆ ಬಾಯಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನನ್ನು ಕಾಡುತ್ತಿದ್ದುದು ಬೇರೆಯೇ ಒಂದು. ಬೆಳಿಗ್ಗೆ ಅವಳಿಗೆ ಸ್ನಾನ ಮಾಡಿಸುವವನು ಅವನೇ. ಕಾಜಾ ಅಕ್ಕನ ಸೊಂಟಕ್ಕೆ ಆ ಭಾರ ಆಗುತ್ತಿರಲಿಲ್ಲ. ಅವನು ಮುಖ ಆ ಕಡೆ ತಿರುಗಿಸಿಕೊಂಡು, ಹೊದಿಕೆಯ ಅಡಿಯಲ್ಲೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಅಷ್ಟು ಹೊತ್ತೂ ಅವಳು ಕಣ್ಣು ಬಿಗಿಯಾಗಿ ಮುಚ್ಚಿರುತ್ತಿದ್ದಳು. ಒಂದು ಬೇಡವನ್ನೂ ಅನ್ನುತ್ತಿರಲಿಲ್ಲ. ಯಾವ ಗಂಡಸನ್ನು ಬೇಡ ಅಂತ ಬಿಟ್ಟುಹೋಗಿದ್ದಳೋ ಅವನ ಕೈಗೇ ಮೈಯನ್ನು ಒಪ್ಪಿಸಿ ಮಲಗುವುದು ಎಂಥ ಶಿಕ್ಷೆ ಇರಬೇಕು ಅಂತ ಅವನಿಗೆ ಅನ್ನಿಸುತ್ತಿತ್ತು. ಇಲ್ಲಿ ಇರುವುದು ಅವಳಿಗೆ ಇಷ್ಟವೋ, ಬೇರೆ ಗತಿಯಿಲ್ಲದೆ ಇದ್ದಾಳೋ? ಅದನ್ನು ಅವಳನ್ನೇ ಕೇಳಬೇಕು. ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು.

ಒಂದು ವರ್ಷ ಎರಡು ತಿಂಗಳು ಕಳೆದ ಮೇಲೆ ಅವಳ ತಂಗಿ ಬಂದಳು. ಅವಳಿದ್ದದ್ದು ರೈಲಿನಲ್ಲಿ ಒಂದೂವರೆ ದಿನದ ದಾರಿ. ಅಕ್ಕ ಮಾಡಿದ ಕೆಲಸಕ್ಕೆ ನಾಚಿ ಅಷ್ಟು ವರ್ಷ ದೂರ ಇದ್ದವಳು, ಈಗ ಮಂಚದ ಮೇಲೆ ಬಿದ್ದು ಅತ್ತಳು. ಒಳ್ಳೆಯ ಹೆಂಗಸು. ಅವಳು ಹೇಳಿದ್ದೆಲ್ಲಾ ಸರಿಯಾಗಿಯೇ ಇತ್ತು.

"ಭಾವ, ನಮ್ಮ ಮನೆ ಹತ್ತಿರಾನೇ ಮಾತು ಕಲಿಸೋ ಆಸ್ಪತ್ರೆ ಇದೆ. ನಾನು ದಿನಾ ಕರ್ಕೊಂಡು ಹೋಗ್ತೀನಿ. ನಾನು ಹೆಂಗಸು, ಸ್ನಾನ ಗೀನ ಎಲ್ಲಾ ನಾನೇ ನೋಡ್ಕೋತೀನಿ. ನೀವು ಇಷ್ಟು ಮಾಡಿದ್ದೇ ಹೆಚ್ಚು. ಬೇರೆ ಯಾರೂ ಮಾಡ್ತಿರಲಿಲ್ಲ."

"ಅವಳನ್ನೇ ಕೇಳೋಣ," ಅಂದ ಕಿವಿಯಣ್ಣ.

ತಂಗಿ ಬಾಗಿ ಕೇಳಿದಳು. "ಅಕ್ಕಾ, ನನ್ನ ಜೊತೆ ಬರ್ತೀಯಾ?"

"ಬೇಡ."

"ಹಾಗಾದ್ರೆ ಇಲ್ಲೇ ಇರ್ತೀಯಾ?"

"ಬೇಡಾ."

ತಂಗಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಕಿವಿಯಣ್ಣನ ಕಿವಿಗೆ ಮಾತ್ರ ಎರಡೂ ಸ್ಪಷ್ಟವಾಗಿ ಕೇಳಿಸಿದ್ದವು. ಮೊದಲನೆಯದು ಒಣ ಬೇಡ. ಎರಡನೆಯದು ಎಳೆದ ಬೇಡ. ಹೋಗುವುದು ಬೇಡ, ಇರುವುದು ಬೇಕು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಅವನು ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಅವನಿಗೆ ಭಯವಾಯಿತು. ಅವನಿಗೆ ಬೇಕಾಗಿದ್ದ ಉತ್ತರವೇ ಅದು. ಜಗತ್ತಿನಲ್ಲಿ ಬೇರೆ ಏನೂ ಅವನಿಗೆ ಅಷ್ಟು ಬೇಕಾಗಿರಲಿಲ್ಲ. ಎಂಟು ವರ್ಷ ಅವಳು ಸುಖವಾಗಿದ್ದಾಳೆ ಅಂತ ಕೇಳಿಸಿಕೊಂಡದ್ದೂ ಇದೇ ಕಿವಿ.

"ನಾಳೆ ಹೇಳ್ತೀನಿ," ಅಂತ ಹೊರಗೆ ಹೋದ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ತೆಗೆದು, ಒಳಗೆ ಯಂತ್ರಗಳ ನಡುವೆ ನಿಂತು ಪ್ರಾರ್ಥನೆ ಮಾಡಿದ. ಅವನ ಪ್ರಾರ್ಥನೆ ಯಾವತ್ತೂ ಗಿಡ್ಡ. "ಸ್ವಾಮಿ, ನನಗೆ ಬೇಕಾದ್ದನ್ನೇ ನನ್ನ ಕಿವಿ ಕೇಳ್ತಾ ಇದ್ರೆ, ಈ ಕಿವಿ ಕಿತ್ಕೋ. ಅವಳಿಗೆ ಒಳ್ಳೇದಾಗಲಿ." ಅಷ್ಟೇ. ಮನೆಗೆ ಹೋಗಿ ನಾದಿನಿಗೆ, "ಕರ್ಕೊಂಡು ಹೋಗಮ್ಮಾ," ಅಂದ.

ಅವಳನ್ನು ಹೊತ್ತು ನಿಲ್ದಾಣಕ್ಕೆ ಹೋಗುವ ಗಾಡಿಯಲ್ಲಿ ಕೂರಿಸಿದವನೂ ಅವನೇ. ಅವಳು ಎಡಗೈಯಿಂದ ಅವನ ಅಂಗಿಯ ತೋಳು ಹಿಡಿದು ಬೇಡ ಬೇಡ ಬೇಡ ಅನ್ನುತ್ತಲೇ ಇದ್ದಳು. ಆ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಿದ. ಜೀವಮಾನದಲ್ಲಿ ಮೊದಲ ಸಲ ಕಿವಿಯಣ್ಣ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬೀದಿಯಲ್ಲಿ ನಿಂತದ್ದನ್ನು ಕಾಜಾ ಅಕ್ಕ ಕಂಡಳು. ನೋಡಲಾರದೆ ಅವಳು ಒಳಗೆ ಹೋದಳು.

ಭಾನುವಾರ ಸಭೆಯ ಅಂಗಳದಲ್ಲಿ ಉದ್ದ ಪ್ರಾರ್ಥನೆಯವರು ಸುಮ್ಮನಿರುತ್ತಾರೆಯೇ? "ನಾನು ಮೊದಲೇ ಹೇಳಿರಲಿಲ್ವಾ? ನಿಜವಾದ ವಿಶ್ವಾಸ ಇದ್ದಿದ್ರೆ ಕೊನೆವರೆಗೂ ಇಟ್ಕೊಳ್ತಿದ್ದ. ಸಮಯ ಬಂತು, ಭಾರ ಇಳಿಸ್ಕೊಂಡ."

"ಇಟ್ಟುಕೊಳ್ಳೋದು ಅವನಿಗೆ ಸುಲಭ ಇತ್ತು, ಹಿರಿಯರೇ," ಅಂದರು ಪಾದ್ರಿಗಳು. "ತನಗೆ ಬೇಕಾದ್ದನ್ನ ಬಿಟ್ಟುಕೊಡೋದೇ ಪ್ರೀತಿ ಅಂತ ನಾನು ಇಷ್ಟು ವರ್ಷ ಬೋಧನೆ ಕಟ್ಟೆ ಮೇಲೆ ನಿಂತು ಹೇಳ್ತಾ ಬಂದಿದ್ದೀನಿ, ಅದನ್ನ ಈ ಮನುಷ್ಯ ಮಾಡಿದ. ನನಗಾದ್ರೆ ಆಗ್ತಿರಲಿಲ್ಲ."

ಕಿವಿಯಣ್ಣನಿಗೆ ಎರಡೂ ಮಾತು ಕೇಳಿಸಿದವು. ಒಂದೂ ನಾಟಲಿಲ್ಲ. ಅವನು ಆ ಹೊತ್ತಿಗೆ ಕೈ ಚೆಲ್ಲಿದ್ದ. ಮನೆಗೆ ಹೋಗಿ ಖಾಲಿ ಮಂಚದ ಪಕ್ಕ ಕೂತು, ಮಾಡಿದ್ದು ಸರಿಯೋ ತಪ್ಪೋ ಅಂತ ಯಾರನ್ನು ಕೇಳುವುದು ಅಂತ ತಿಳಿಯದೆ ಗೋಡೆ ನೋಡುತ್ತಿದ್ದ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ನಾದಿನಿಯ ಫೋನ್ ಬಂತು. ಅವಳ ದನಿ ಸೋತಿತ್ತು.

"ಭಾವ, ಅಕ್ಕ ಊಟ ಬಿಟ್ಟು ಆರು ದಿನ ಆಯ್ತು. ಒಂದೆರಡು ಚಮಚ ಹೋದ್ರೆ ಹೆಚ್ಚು. ಮೈ ಸುಡ್ತಾ ಇದೆ. ಡಾಕ್ಟರು ಬಂದು ಹೋದರು, ಈ ಸ್ಥಿತಿಯಲ್ಲಿ ಎಲ್ಲಿಗೂ ಕದಲಿಸಬೇಡಿ ಅಂದರು. ಅವಳು ಏನು ಕೇಳ್ತಿದ್ದಾಳೋ ಒಂದೂ ಅರ್ಥ ಆಗ್ತಿಲ್ಲ. ನಿಮಗೆ ಗೊತ್ತಲ್ಲಾ, ಹೇಳಿಕೊಡಿ."

ಅವನು ಹೇಳಿಕೊಟ್ಟ. ಅಂಗಡಿಯಲ್ಲಿ ಕಾಯುತ್ತಿದ್ದ ಇಬ್ಬರು ದರ್ಜಿಗಳ ಎದುರಿಗೇ, ಫೋನಿನಲ್ಲಿ ಏಳು ಬೇಡಗಳನ್ನೂ ಅಂದು ತೋರಿಸಿದ. ದರ್ಜಿಗಳು ತಲೆ ತಗ್ಗಿಸಿ ಕೂತರು. ನಾದಿನಿ ಒಂದೊಂದನ್ನೂ ತಾನೂ ಅಂದು ನೋಡಿದಳು, ಹೂಂ ಹೂಂ ಅಂದಳು.

"ಇನ್ನೊಂದು ಇದೆಯಲ್ಲಾ ಭಾವ, ಸಂಜೆದು?"

"ಸಂಜೆದಾ?"

"ಅದೇ, ದಿನಾ ಆರು ಗಂಟೆ ಹೊತ್ತಿಗೆ. ಬಾಗಿಲು ನೋಡ್ಕೊಂಡು ಮೆಲ್ಲಗೆ ಶುರು ಮಾಡ್ತಾಳೆ. ಬೇಡ... ಬೇಡ... ಅಂತ, ಯಾರನ್ನೋ ಕರೆದ ಹಾಗೆ. ನಮ್ಮ ಯಜಮಾನರು ಕೆಲಸದಿಂದ ಬಂದು ಬಾಗಿಲು ತೆಗೆದ ತಕ್ಷಣ ನಿಲ್ಲಿಸ್ತಾಳೆ. ಅವರ ಮುಖ ನೋಡಿ ಗೋಡೆ ಕಡೆ ತಿರುಗ್ತಾಳೆ. ಅದಕ್ಕೇನು ಕೊಡಬೇಕು?"

ಅದನ್ನು ಅವನು ಕೇಳಿರಲಿಲ್ಲ. ಅಂಗಡಿಯನ್ನು ದರ್ಜಿಗಳ ಮೇಲೆ ಬಿಟ್ಟು ಓಡುತ್ತಾ ಬಂದು ಕಾಜಾ ಅಕ್ಕನ ಬಾಗಿಲು ಬಡಿದ. "ಸಂಜೆ ಆರಕ್ಕೆ, ನಾನು ಬರೋ ಮುಂಚೆ ಅವಳು ಏನಾದ್ರೂ ಅಂತಿದ್ದಳಾ?"

ಕಾಜಾ ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ದಿನಾ ಅಂತಿದ್ದಳಲ್ಲಪ್ಪಾ. ಬಾಗಿಲು ನೋಡ್ಕೊಂಡು ಅವಳ ತುಟಿ ಆಡ್ತಾನೇ ಇರ್ತಿತ್ತು, ನೀನು ಬರೋವರೆಗೂ. ನೀನು ಒಳಗೆ ಬಂದ ಮೇಲೆ ಸುಮ್ಮನಾಗಿಬಿಡ್ತಿದ್ದಳು. ನಿನಗೆ ಗೊತ್ತಿತ್ತು ಅಂತ ಇದ್ದೆ."

ಅವನಿಗೆ ಗೊತ್ತಾಗುವುದಾದರೂ ಹೇಗೆ? ಅವನು ಬಂದರೆ ನಿಂತುಹೋಗುವ ಮಾತನ್ನು ಅವನು ಬಂದು ಕೇಳುವ ಹಾಗಿರಲಿಲ್ಲ. ಒಂದು ವರ್ಷ ಎರಡು ತಿಂಗಳು ಅವಳು ದಿನಾ ಅವನನ್ನು ಕರೆದಿದ್ದಳು. ಅವಳಿಗೆ ಒಳ್ಳೆಯದನ್ನೇ ಬಯಸಲು ಹೋಗಿ, ಕರೆದವಳನ್ನೇ ಅವನು ಕೈಯಾರೆ ಗಾಡಿ ಹತ್ತಿಸಿದ್ದ. ಕಾಜಾ ಅಕ್ಕನ ಹೊಸ್ತಿಲಲ್ಲೇ ಕೂತು ಅವನು ಬಾಯಿ ಬಿಟ್ಟು ಅತ್ತ. ಅವಳು ನೀರು ತಂದು ಲೋಟ ಹಿಡಿದು ನಿಂತಳು.

ಆ ಊರಿಗೆ ರೈಲು ವಾರಕ್ಕೆ ಎರಡು. ಒಂದು ಅವತ್ತು ಬೆಳಿಗ್ಗೆಯೇ ಹೋಗಿತ್ತು. ಇನ್ನೊಂದು ಮೂರು ದಿನದ ಮೇಲೆ. ನಿಲ್ದಾಣದ ಕಿಟಕಿಯವನು ಎರಡು ಸಲ ಅದನ್ನೇ ಹೇಳಿದ, ಮೂರನೆಯ ಸಲ ರೇಗಿದ.

ಆರು ಗಂಟೆಗೆ ಹತ್ತು ನಿಮಿಷ ಇರುವಾಗ ಕಿವಿಯಣ್ಣ ನಿಲ್ದಾಣದ ಹೊರಗಿನ ಬೆಂಚಿನಲ್ಲಿ ಕೂತು ನಾದಿನಿಗೆ ಫೋನ್ ಮಾಡಿದ. ಫೋನನ್ನು ಅಕ್ಕನ ಕಿವಿಗೆ ಹಿಡಿ ಅಂದ. ಉಸಿರು ಕೇಳಿಸಿತು, ಕಷ್ಟದ ಉಸಿರು, ಎಣ್ಣೆ ಬತ್ತಿದ ಹಾಗೆ. ಆಮೇಲೆ ಅದು ಬಂತು. ಬೇಡ. ಮೆಲ್ಲಗೆ, ನಡುವೆ ಜಾಗ ಬಿಟ್ಟು, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಏಳುವ ಬೇಡ. ಮದುವೆಯಾದ ಹೊಸದರಲ್ಲಿ ಅವನನ್ನು ಹೆಸರು ಹಿಡಿದು ಅವಳು ಕರೆಯುತ್ತಿದ್ದದ್ದು ಅದೇ ರಾಗದಲ್ಲಿ.

"ನಾನೇ ಕಣೇ," ಅಂದ. "ಇಲ್ಲೇ ಇದೀನಿ. ಬರ್ತಾ ಇದೀನಿ."

ಬೇಡ, ಅಂದಳು ಅವಳು. ಬೇಡ.

"ಕೇಳಿಸ್ತಾ? ನಾನೇ."

ನಾದಿನಿಯ ದನಿ ಬಂತು. "ಭಾವ, ನಿಮ್ಮ ದನಿ ಗುರುತು ಹಿಡಿದಿದ್ದಾಳೆ. ಆದ್ರೆ ಫೋನ್ ಕಡೆ ನೋಡ್ತಾ ಇಲ್ಲ. ಬಾಗಿಲು ನೋಡ್ತಿದ್ದಾಳೆ."

ಕಿವಿಯಣ್ಣ ಫೋನನ್ನು ಎಡಗಿವಿಗೆ ಒತ್ತಿ ಹಿಡಿದ. "ಬಾಗಿಲು ತೆಗೆದಿಡಮ್ಮಾ," ಅಂದ.

"ತೆಗೆದೇ ಇದೆ, ಭಾವ."